ಮುಚ್ಚಳದ ಮೇಲೆ ಕೂತ ಬಚ್ಚ

ಕೂತಿರಾ? ಸರಿಯಾಗಿ ಕೂತುಕೊಳ್ಳಿ. ಎಲೆ ಅಡಿಕೆ ಬೇಕಾದವರು ಈಗಲೇ ತಕೊಳ್ಳಿ, ಹೊರಗೆ ಹೋಗಬೇಕಾದವರು ಈಗಲೇ ಹೋಗಿ ಬನ್ನಿ. ಕತೆ ಶುರುವಾದ ಮೇಲೆ ನಾನು ಹೇಳುವ ತನಕ ಯಾರೂ ಏಳಬಾರದು. ನಡುವೆ ಎದ್ದರೆ ನನಗೆ ಸಿಟ್ಟು ಬರ್ತದೆ, ಸಿಟ್ಟು ಬಂದರೆ ಕತೆ ಮರೆತು ಹೋಗ್ತದೆ.

ಬೇಲೆಕೋಡಿ ಅಂತ ಒಂದು ಊರು. ಹೊಳೆ ಬಂದು ಕಡಲು ಸೇರುವ ಅಳಿವೆಯ ಬಾಯಲ್ಲೇ ಊರು. ಅಲ್ಲಿ ಅಕ್ಕಣಿ ಅಂತ ಒಬ್ಬಳು. ಗಂಡ ತೀರಿಹೋಗಿದ್ದ. ಅವನು ಬಿಟ್ಟು ಹೋದದ್ದು ಒಂದು ಮಂಜಿ, ಒಬ್ಬ ಮಗ. ಮಂಜಿ ಅಂದರೆ ಗೊತ್ತಲ್ಲ, ಉಪ್ಪು, ಹಂಚು, ಅಕ್ಕಿ ಹೊತ್ತು ಹಾಯಿ ಕಟ್ಟಿ ಹೋಗುವ ಮರದ ಹಡಗು. ಗಂಡ ಪ್ರೀತಿಯಿಂದ ಅದಕ್ಕೆ ಹೆಂಡತಿಯ ಹೆಸರೇ ಇಟ್ಟಿದ್ದ. ಹಾಗಾಗಿ ಮಂಜಿಯ ಹೆಸರೂ ಅಕ್ಕಣಿ. ಮಗನ ಹೆಸರು ಬಚ್ಚ.

ಈ ಬಚ್ಚ ಮೈಯಲ್ಲಿ ಕೋಣ. ಆಳುಗಳೆಲ್ಲ ಸೇರಿ ಎತ್ತುವ ಲಂಗರನ್ನು ಒಬ್ಬನೇ ಹೆಗಲ ಮೇಲೆ ಹೊತ್ತು ತರುತ್ತಿದ್ದ. ಆದರೆ ಇಲ್ಲಿ ಇಳಿಸು ಅಂತ ಯಾರಾದರೂ ಹೇಳಬೇಕು. ಹೇಳದಿದ್ದರೆ ಹೊತ್ತೇ ನಿಂತಿರುತ್ತಿದ್ದ. ಅವನ ತಲೆಯಲ್ಲಿ ಒಂದು ಸಲಕ್ಕೆ ಒಂದೇ ಮಾತಿಗೆ ಜಾಗ. ಹೊಸ ಮಾತು ಒಳಗೆ ಬಂತೋ, ಹಳೇದು ಮೂಲೆಗೆ. ಹೇಳಿದ್ದನ್ನು ಮಾಡುವವ ಬಚ್ಚ, ಹೇಳಿದಷ್ಟನ್ನೇ ಮಾಡುವವ ಬಚ್ಚ.

"ಅಯ್ಯೋ ನನ್ನ ಕರ್ಮವೇ! ಇವನಿಗೆ ಬುದ್ಧಿ ಹೇಳಿ ಹೇಳಿ ನನ್ನ ನಾಲಿಗೆ ಸವೆಯಿತು!" ಅಂತ ಅಕ್ಕಣಿ ದಿನಾ ಹಣೆ ಬಡಿದುಕೊಳ್ಳುತ್ತಿದ್ದಳು.

"ಬುದ್ಧಿ ಹೇಳು ಅಬ್ಬೆ, ಮಾಡ್ತೇನೆ!" ಅನ್ನುತ್ತಿದ್ದ ಬಚ್ಚ. ಪಾಪ, ಮಾಡಿಯೂ ಮಾಡುತ್ತಿದ್ದ.

ಈಗ ಮಂಜಿಯ ವಿಷಯಕ್ಕೆ ಬನ್ನಿ. ಮಂಜಿ ಹಳತು. ತಳ ಗಟ್ಟಿಯೇ ಇತ್ತು, ಸೋರುತ್ತಿದ್ದದ್ದು ಮುಚ್ಚಳ. ಸರಕು ಇಳಿಸಲಿಕ್ಕೆ ಮಂಜಿಯ ಹೊಟ್ಟೆಗೆ ಮೇಲಿಂದ ಒಂದು ದೊಡ್ಡ ಬಾಯಿ ಇರ್ತದೆ. ಅದಕ್ಕೆ ಹಲಗೆಯ ಮುಚ್ಚಳ. ಆ ಮುಚ್ಚಳ ಮಳೆಗೆ ನೆನೆದು, ಬಿಸಿಲಿಗೆ ಒಣಗಿ, ಅಲ್ಲಲ್ಲಿ ಬಾಯಿ ಬಿಟ್ಟಿತ್ತು. ಅಲೆ ಮೇಲೆ ಹಾರಿದರೆ ನೀರು ನೇರ ಹೊಟ್ಟೆಗೆ. ಹಿಂದಿನ ವರ್ಷ ಉಪ್ಪು ತುಂಬಿಕೊಂಡು ಹೋದ ಮಂಜಿ ತೆಂಕಣ ಬಂದರು ಮುಟ್ಟುವಾಗ ಹೊಟ್ಟೆಯಲ್ಲಿ ಉಪ್ಪು ಇರಲಿಲ್ಲ, ಬರೀ ಉಪ್ಪುನೀರು ಇತ್ತು.

ಆ ಮನೆಯ ಯಜಮಾನಿಕೆ ಅಕ್ಕಣಿಯ ಅಣ್ಣನದ್ದು. ಬಡಿಯ ಅಂತ ಹೆಸರು. ಬಚ್ಚನಿಗೆ ಸೋದರಮಾವ. ಅವನ ಮಾತೇ ಮಾತು. ಅವನು ಅಂಗಳಕ್ಕೆ ಬಂದು ನಿಂತು ಹೇಳಿಬಿಟ್ಟ.

"ಅಕ್ಕಣೀ, ಕೇಳು. ನೂಲ ಹುಣ್ಣಿಮೆಗೆ ಕಡಲಿಗೆ ಕಾಯಿ ಬಿಟ್ಟ ಮೇಲೆ ಮೊದಲ ಉಪ್ಪು ಹೊರಡ್ತದೆ. ಅದರಲ್ಲಿ ಒಂದು ಹಿಡಿ ಒದ್ದೆಯಾದರೂ ಸರಿ, ಮಂಜಿಯನ್ನು ದಡಕ್ಕೆಳೆದು ಒಡೆದು ಸೌದೆ ಮಾಡ್ತೇನೆ!"

"ಅಣ್ಣ! ಅದು ಅವರು ಕಟ್ಟಿಸಿದ ಮಂಜಿ!"

"ಕಟ್ಟಿಸಿದವ ಹೋದ. ಸೋರುವುದು ಉಳಿಯಿತು. ನನ್ನದು ಒಂದೇ ಮಾತು!"

ಅಕ್ಕಣಿಗೆ ಅನ್ನ ಸೇರಲಿಲ್ಲ, ನಿದ್ದೆ ಹತ್ತಲಿಲ್ಲ. ಒಳಗೆ ಕೂತರೆ ಹೊರಗೆ ಹೋಗಬೇಕು ಅನ್ನಿಸ್ತದೆ, ಹೊರಗೆ ನಿಂತರೆ ಹೊಳೆಗೆ ಓಡಬೇಕು ಅನ್ನಿಸ್ತದೆ. ಮುಚ್ಚಳ ರಿಪೇರಿ ಮಾಡುವುದು ಹೇಗೆ ಅಂತ ಅವಳಿಗೆ ಗೊತ್ತಿತ್ತು. ಗಂಡ ಮಾಡುವುದನ್ನು ದಡದಲ್ಲಿ ನಿಂತು ಎಷ್ಟು ಸಲ ನೋಡಿರಲಿಲ್ಲ! ಆದರೆ ಮಂಜಿ ಹತ್ತುವ ಹಾಗಿಲ್ಲ. ಹೆಣ್ಣು ಕಾಲಿಟ್ಟರೆ ಮಂಜಿ ಸೋರ್ತದೆ ಅಂತ ಆ ಊರಿನ ನಂಬಿಕೆ. ತನ್ನದೇ ಹೆಸರಿನ ಮಂಜಿಗೆ ಆಕೆ ಹುಟ್ಟಿದ ಮೇಲೆ ಕಾಲಿಟ್ಟವಳಲ್ಲ. ಮಳೆಗಾಲವೆಂದು ಆಳುಗಳು ಅವರವರ ಮನೆಗೆ ಹೋಗಿದ್ದರು. ಉಳಿದವ ಬಚ್ಚ ಒಬ್ಬ.

ಹುಣ್ಣಿಮೆ ಬೇರೆ ಹತ್ತಿರ ಬರ್ತಾ ಉಂಟು.

ಅಕ್ಕಣಿ ಮಗನನ್ನು ಹೊಳೆದಡಕ್ಕೆ ಕರೆದುಕೊಂಡು ಹೋದಳು. ಕೈಗೆ ಕೊಡಪಾನ ಕೊಟ್ಟಳು.

"ಮಗ, ಮೊದಲು ಎಲ್ಲಿ ಸೋರ್ತದೆ ಅಂತ ಗೊತ್ತಾಗಬೇಕು. ಮಂಜಿ ಹತ್ತು. ಮೇಲಿಂದ ನೀರು ಹೊಯ್ಯಿ. ಹೊಟ್ಟೆಯೊಳಗೆ ನೀರು ಬೀಳ್ತದಾ ಕಾಣು. ತಿಳೀತಾ?"

"ಅಷ್ಟೇ ತಾನೇ? ಮಾಡ್ತೇನೆ!"

ಅಕ್ಕಣಿ ಮೀನು ಮಾರಲಿಕ್ಕೆ ಪೇಟೆಗೆ ಹೋದಳು. ಬಚ್ಚ ಮಂಜಿ ಹತ್ತಿದ. ಹೊಟ್ಟೆಯೊಳಗೆ ನೋಡಬೇಕಲ್ಲ? ಮುಚ್ಚಳ ಅಡ್ಡ ಬರ್ತಿತ್ತು. ಎತ್ತಿ ಆಚೆ ಇಟ್ಟ! ಹೊಳೆಯಿಂದ ನೀರು ಮೊಗೆದ, ಹೊಯ್ದ. ಬಿತ್ತು! ಇನ್ನೊಂದು ಕೊಡ ಹೊಯ್ದ. ಅದೂ ಬಿತ್ತು! ಇನ್ನೂ ಹೊಯ್ದ, ಇನ್ನೂ ಬಿತ್ತು! ಅಕ್ಕಣಿ ಪೇಟೆಯಿಂದ ಬರುವಾಗ ಮಂಜಿ ಅರ್ಧ ಮುಳುಗಿತ್ತು. ಮಗ ಇನ್ನೂ ಹೊಯ್ಯುತ್ತಲೇ ಇದ್ದ.

"ಅಬ್ಬೇ! ಬೀಳ್ತದೆ! ಹೊಯ್ದದ್ದು ಪೂರಾ ಬೀಳ್ತದೆ!"

"ಅಯ್ಯೋ ನನ್ನ ಕರ್ಮವೇ! ಮುಚ್ಚಳ ತೆಗೆದು ಹೊಯ್ದರೆ ಬೀಳದೆ ಮತ್ತೆಂತ ಆಗ್ತದೆ? ಮುಚ್ಚಳ ಮುಚ್ಚಬೇಕು! ಒಬ್ಬ ಒಳಗೆ ಕೂತು ಕಾಣಬೇಕು, ಇನ್ನೊಬ್ಬ ಮೇಲಿಂದ ಹೊಯ್ಯಬೇಕು! ಹನಿ ಬಿದ್ದ ಕಡೆ ಸುಣ್ಣದ ಗುರುತು ಹಾಕಬೇಕು!"

"ಮೊದಲೇ ಹೇಳಬಾರದಾ ಅಬ್ಬೆ? ಮಾಡ್ತಿದ್ದೆ."

ಹೊಯ್ದವನೇ ಮೊಗೆದು ಹೊರಗೆ ಹಾಕಬೇಕಾಯಿತು. ಅದರಲ್ಲೇ ದಿನ ಹೋಯಿತು. ಹುಣ್ಣಿಮೆ ಹತ್ತಿರ ಬರ್ತಾ ಉಂಟು.

"ನಿನ್ನಿಂದ ಆಗುವ ಕೆಲಸ ಅಲ್ಲ ಇದು. ಹೋಗಿ ಕೊಗ್ಗ ಆಚಾರಿಯನ್ನು ಕರೆದುಕೊಂಡು ಬಾ" ಅಂದಳು ಅಕ್ಕಣಿ.

ಕೊಗ್ಗ ಆಚಾರಿ ಅಂದರೆ ಆ ಅಳಿವೆಯ ಮಂಜಿಗಳಿಗೆಲ್ಲ ಮರದ ಕೆಲಸ ಮಾಡುವವ. ಕೈ ಒಳ್ಳೇದು, ಬಾಯಿ ಕೆಟ್ಟದ್ದು. ಬಚ್ಚ ಹೊರಟ. ಹನಿ ಬಿದ್ದ ಕಡೆ ಸುಣ್ಣದ ಗುರುತು ಅಂತ ಅಬ್ಬೆ ಹೇಳಿದ್ದಾಳಲ್ಲ? ಕರಟದಲ್ಲಿ ಸುಣ್ಣ ಹಿಡಿದುಕೊಂಡೇ ಹೊರಟ. ಆಚಾರಿ ಚಾವಡಿಯಲ್ಲಿ ಕೂತು ಗಂಜಿ ಉಣ್ಣುತ್ತಿದ್ದ. ಊರಿಗೆಲ್ಲ ರಿಪೇರಿ ಮಾಡುವವನ ಮನೆಯ ಮಾಡು ಸೋರುತ್ತಿತ್ತು. ಒಂದು ಹನಿ ಬಂದು ಆಚಾರಿಯ ಬೋಳು ತಲೆಗೆ ಟಪ್ ಅಂತು.

ಬಚ್ಚ ನೋಡಿದ. ಹನಿ ಬಿತ್ತಲ್ಲ! ಬೆರಳು ಅದ್ದಿದ, ಆಚಾರಿಯ ತಲೆಗೆ ದುಂಡಗೆ ಒಂದು ಗುರುತು ಹಾಕಿದ.

"ಏಯ್! ಎಂತ ಅದು?"

ಆಚಾರಿ ತಲೆ ಎತ್ತಿದ. ಹನಿ ಮೂಗಿಗೆ ಬಿತ್ತು. ಮೂಗಿಗೆ ಒಂದು ಗುರುತು. ಆಚಾರಿ ಹಿಂದೆ ಸರಿದ. ಹನಿ ಗಂಜಿಯ ಬಟ್ಟಲಿಗೆ ಬಿತ್ತು. ಗಂಜಿಗೆ ಒಂದು ಗುರುತು!

"ಅಯ್ಯೋ ಹಡಬೆ! ಗಂಜಿಗೆ ಸುಣ್ಣ ಹಾಕಿದೆಯಲ್ಲೋ!"

"ಹನಿ ಬಿದ್ದ ಕಡೆ ಗುರುತು ಹಾಕಬೇಕಂತೆ, ಆಚಾರ್ರೆ. ಅಬ್ಬೆ ಹೇಳಿದ್ದು."

ಆಚಾರಿ ಸುಣ್ಣದ ಮೂಗು ಹೊತ್ತು ಕುಣಿದಾಡಿದ. "ಗುರುತು ಹಾಕಿ ಕೂತರೆ ಸೋರುವುದು ನಿಲ್ತದಾ ಪೆದ್ದ? ತೂತು ಕಂಡ ಕಡೆ ಹತ್ತಿ ತುರುಕಬೇಕು! ಮೇಲಿಂದ ರಾಳ ಬಡಿಯಬೇಕು! ತಕೋ ಹತ್ತಿ, ತಕೋ ರಾಳ! ನೀನೇ ಮಾಡಿಕೋ ಹೋಗು! ನಾನು ಬರುವುದಿಲ್ಲ!"

"ತೂತು ಕಂಡ ಕಡೆ ಹತ್ತಿ, ಮೇಲಿಂದ ರಾಳ. ಅಷ್ಟೇ ತಾನೇ? ಮಾಡ್ತೇನೆ!"

ಬಚ್ಚ ಮಂಜಿಗೆ ಬಂದ. ತೂತು ಹುಡುಕಿದ. ಮಂಜಿಯ ಮೇಲೆ ಬಿದ್ದ ಮಳೆನೀರು ಹೊರಗೆ ಹರಿದು ಹೋಗಲಿಕ್ಕೆ ಅಂಚಿನಲ್ಲಿ ಸಾಲಾಗಿ ತೂತು ಬಿಟ್ಟಿರ್ತಾರೆ. ಎಷ್ಟು ಚಂದದ ತೂತುಗಳು! ದುಂಡಗೆ, ಒಂದೇ ಅಳತೆಯವು! ಎಲ್ಲದಕ್ಕೂ ಹತ್ತಿ ತುರುಕಿದ, ರಾಳ ಬಡಿದ. ಮುಚ್ಚಳದಲ್ಲಿದ್ದದ್ದು ಉದ್ದುದ್ದ ಬಿರುಕು. ಅದು ತೂತಲ್ಲ ಅಂತ ಬಿಟ್ಟುಬಿಟ್ಟ.

ಆದರೂ ಹತ್ತಿ ಮಿಕ್ಕಿತು. ಮಿಕ್ಕಿದ್ದನ್ನು ಎಂತ ಮಾಡುವುದು? ದಾರಿಯಲ್ಲಿ ಬಡಿಯ ಮಾವನ ಮನೆ. ಒಳಗೆ ಹೋದ. ಗಿಂಡಿಯ ಮೂತಿಯಲ್ಲಿ ತೂತು! ತುರುಕಿದ. ಒಲೆ ಊದುವ ಕೊಳವೆಯಲ್ಲಿ ತೂತು! ತುರುಕಿದ. ದೇವರ ಕೋಣೆಯಲ್ಲಿ ಶಂಖ. ಅದರಲ್ಲೂ ತೂತು! ಗಟ್ಟಿಯಾಗಿ ತುರುಕಿದ.

ಆ ಶಂಖ ಬೇರೆ ಶಂಖ ಅಲ್ಲ ಮಾರಾಯ್ರೆ. ನೂಲ ಹುಣ್ಣಿಮೆಗೆ ಕಡಲಿಗೆ ಕಾಯಿ ಬಿಡುವಾಗ ಬಡಿಯನೇ ಊದುವ ಶಂಖ. ಸಂಜೆ ಸ್ವಲ್ಪ ಅಭ್ಯಾಸ ಮಾಡುವ ಅಂತ ಅವನು ಕೈಗೆತ್ತಿಕೊಂಡ. ಊದಿದ. ಸದ್ದಿಲ್ಲ. ಇನ್ನೂ ಊದಿದ. ಕೆನ್ನೆ ಉಬ್ಬಿತು, ಕಣ್ಣು ಹೊರಗೆ ಬಂತು. ಸದ್ದಿಲ್ಲ! ಆಗ ಹೊಳೆಯ ಕಡೆಯಿಂದ ಅಕ್ಕಣಿಯ ಕೂಗು ಕೇಳಿತು.

"ಅಣ್ಣಾ! ಮಂಜಿಯ ಮೇಲೆ ಮಳೆನೀರು ಕೆರೆ ಕಟ್ಟಿ ನಿಂತಿದೆ! ಎಲ್ಲ ಮುಚ್ಚಳದ ಬಿರುಕಿನಿಂದ ಒಳಗೆ ಇಳೀತಾ ಉಂಟು!"

ಬಡಿಯ ಅಳಿಯನ ಕಿವಿ ಹಿಡಿದ. "ತೂತೆಲ್ಲ ಒಂದೇ ಅಂತ ತಿಳಿದೆಯಾ ಮಂಗ? ನೀರು ಹೊರಗೆ ಹೋಗುವ ತೂತು ಬೇರೆ, ಒಳಗೆ ಬರುವ ತೂತು ಬೇರೆ! ಹೊಟ್ಟೆಯೊಳಗೆ ಕೂತು ನೋಡಬೇಕು. ಎಲ್ಲಿಂದ ಬೆಳಕು ಬರ್ತದೋ ಅಲ್ಲಿ ಮುಚ್ಚಬೇಕು! ಬೆಳಕು ಕಂಡರೆ ಮುಚ್ಚು, ಇಲ್ಲದಿದ್ದರೆ ಮುಟ್ಟಬೇಡ!"

"ಒಳಗೆ ಕೂತು ನೋಡುವುದು, ಬೆಳಕು ಕಂಡರೆ ಮುಚ್ಚುವುದು. ಅಷ್ಟೇ ತಾನೇ ಮಾವ? ಮಾಡ್ತೇನೆ!"

ಮರುದಿನ ಮಳೆ ಜೋರು. ಅಕ್ಕಣಿ ಆಚಾರಿಯ ಕಾಲು ಹಿಡಿಯಲಿಕ್ಕೆ ಅಂತ ಬೆಳಿಗ್ಗೆಯೇ ಹೋದಳು. ಬಚ್ಚ ಮನೆಯೊಳಗೆ ಕೂತಿದ್ದ. ಒಳಗೆ ಕೂತದ್ದಾಯಿತಲ್ಲ? ನೋಡಿದ. ಕಿಟಕಿಯಿಂದ ಬೆಳಕು! ಹಲಗೆ ಹೊಡೆದ, ರಾಳ ಬಡಿದ. ಮಾಡಿನ ಗಾಜಿನ ಹಂಚಿನಿಂದ ಬೆಳಕು! ಅಟ್ಟ ಹತ್ತಿ ಅಂಟಿಸಿದ. ಬಾಗಿಲ ಸಂದಿಯಿಂದ ಬೆಳಕು! ಒಳಗಿಂದಲೇ ಹತ್ತಿ ತುರುಕಿ, ಮೇಲಿಂದ ಕೆಳಗಿನ ತನಕ ರಾಳ ಎಳೆದ.

ಅಕ್ಕಣಿ ನೆನೆದು ಮುದ್ದೆಯಾಗಿ ಬಂದಳು. ಬಾಗಿಲು ದೂಡಿದಳು. ಬಾಗಿಲು ಗೋಡೆಯಾಗಿತ್ತು!

"ಬಚ್ಚಾ! ಬಾಗಿಲು ತೆಗಿ!"

"ತಾಳು ಅಬ್ಬೆ! ಇನ್ನೂ ಒಂದು ಕಡೆ ಬೆಳಕು ಉಂಟು!"

"ಎಲ್ಲಿ?"

"ಒಲೆಯಲ್ಲಿ!"

ಒಳಗಿಂದ ಬುಸ್ಸ್ ಅಂತ ಸದ್ದು ಕೇಳಿತು. ಅನ್ನದ ಪಾತ್ರೆಯ ನೀರು ಪೂರಾ ಒಲೆಗೆ ಹೋಯಿತು. ಹೊಗೆ ಹೋಗಲಿಕ್ಕೆ ಒಂದು ಸಂದಿಯಾದರೂ ಬೇಕಲ್ಲ, ಅದೂ ಇರಲಿಲ್ಲ. ಬಚ್ಚ ಕೆಮ್ಮಿದ, ಕೆಮ್ಮಿದ, ಕೊನೆಗೆ ಬಾಗಿಲನ್ನೇ ಮುರಿದುಕೊಂಡು ಹೊರಗೆ ಬಿದ್ದ.

ಅಕ್ಕಣಿ ಮಳೆಯಲ್ಲೇ ಕೂತು ಅತ್ತಳು. "ಮನೆ ಅಲ್ಲವೋ, ಮಂಜಿ! ಹುಣ್ಣಿಮೆ ಬಂದೇ ಬಿಟ್ಟಿತು, ಮಂಜಿ ಹೋಗ್ತದಲ್ಲೋ ಮಗ! ಮುಚ್ಚಳದ ಮರ ಒಣಗಿ ಬಿರುಕು ಬಿಟ್ಟದ್ದು. ಬಿರುಕು ಬಿಟ್ಟ ಕಡೆ ಒದ್ದೆ ಗೋಣಿ ಹೊದೆಸಿಟ್ಟರೆ ಸಾಕು, ನೀರು ಕುಡಿದು ಉಬ್ಬಿ ತಾನೇ ಕೂಡಿಕೊಳ್ತದೆ. ಅಷ್ಟೂ ಆಗುವುದಿಲ್ಲವಾ ನಿನಗೆ?"

ಅಬ್ಬೆ ಅತ್ತದ್ದು ನೋಡಿ ಬಚ್ಚನಿಗೂ ಅಳು ಬಂತು. ಅವನಿಗೂ ಮಂಜಿ ಬೇಕಿತ್ತು. ಅಪ್ಪ ಅವನನ್ನು ಮಂಜಿಯ ಮೂತಿಯ ಮೇಲೆ ಕೂರಿಸಿ ಹೊಳೆ ತೋರಿಸುತ್ತಿದ್ದದ್ದು ಅವನ ತಲೆಯ ಯಾವುದೋ ಮೂಲೆಯಲ್ಲಿ ಇತ್ತು. "ಆಗ್ತದೆ ಅಬ್ಬೆ. ಬಿರುಕು ಬಿಟ್ಟ ಕಡೆ ಒದ್ದೆ ಗೋಣಿ. ಅಷ್ಟೇ ತಾನೇ? ಮಾಡ್ತೇನೆ" ಅಂದ, ಮೂಗು ಒರೆಸಿಕೊಂಡು.

ಅಕ್ಕಣಿ ಕಾಲು ಹಿಡಿದದ್ದಕ್ಕೆ ಮರುದಿನ ಕೊಗ್ಗ ಆಚಾರಿ ಬಂದ. ಮಳೆಯೂ ಸ್ವಲ್ಪ ಹೊಳವಾಯಿತು. ಬೈಯುತ್ತಲೇ ಮಂಜಿ ಹತ್ತಿ, ಬಚ್ಚ ಮುಚ್ಚಿದ್ದ ಅಂಚಿನ ತೂತುಗಳನ್ನು ಮೊದಲು ಬಿಡಿಸಿದ. ಮುಚ್ಚಳದ ಬಿರುಕಿಗೆ ಹತ್ತಿ ತುಂಬಿ ಉಳಿಯಿಂದ ಬಡಿದ, ರಾಳಕ್ಕೆ ಮೀನೆಣ್ಣೆ ಸೇರಿಸಿ ಕಾಯಿಸಿ ಹೊಯ್ದ, ಅಂಚಿಗೆ ಹೊಸ ಪಟ್ಟಿ ಹೊಡೆದ. ಬೆಳಿಗ್ಗೆಯಿಂದ ಸಂಜೆಯ ತನಕ ಬೈದ, ಬಡಿದ. ದಡದ ಮೇಲೆ ಅಕ್ಕಣಿ ಅತ್ತಿಂದಿತ್ತ ನಡೆಯುತ್ತಲೇ ಇದ್ದಳು.

"ಆಯ್ತಾ ಆಚಾರ್ರೆ?"

"ಆದದ್ದು ಆಯ್ತು, ಆಗದ್ದು ಇಲ್ಲ! ಮುಚ್ಚಳ ಸೊಟ್ಟ ಆಗಿದೆ ಮಾರಾಯ್ತಿ. ಒಂದು ಮೂಲೆ ಎದ್ದೇ ಇರ್ತದೆ. ಅಲೆ ಹೊಡೆದಾಗ ಅಲ್ಲಾಡ್ತದೆ, ಅಲ್ಲಾಡಿದರೆ ನೀರು ಇಳೀತದೆ. ಮೇಲಿಂದ ಒಳ್ಳೆ ಭಾರ ಅದುಮಿ ಕೂತರೆ ಒಂದು ಹನಿಯೂ ಇಳಿಯುವುದಿಲ್ಲ."

"ಕಲ್ಲು ಇಟ್ಟರೆ?"

"ಮಂಜಿ ವಾಲಿದರೆ ಕಲ್ಲು ಜಾರ್ತದೆ. ಜಾರದ ಭಾರ ಬೇಕು!"

ಜಾರದ ಭಾರ ಎಲ್ಲಿಂದ ತರುವುದು ಅಂತ ಅಕ್ಕಣಿ ಯೋಚನೆ ಮಾಡುತ್ತಾ ಉಪ್ಪಿನ ಕೊಟ್ಟಿಗೆಯ ಕಡೆ ನಡೆದಳು. ಮಳೆಗೆ ಮೊದಲೇ ತಂದು ರಾಶಿ ಹಾಕಿದ ಉಪ್ಪು ಅಲ್ಲಿತ್ತು. ನಾಳೆ ಮಂಜಿಗೆ ತುಂಬಬೇಕಾದ ಉಪ್ಪು ಅದೇ. ಬಾಗಿಲಲ್ಲಿ ನಿಂತು ಒಳಗೆ ನೋಡಿದಳು. ರಾಶಿಯ ಮೈ ಗಟ್ಟಿಕಟ್ಟಿ ಅಲ್ಲಲ್ಲಿ ಬಿರುಕು ಬಿಟ್ಟಿತ್ತು. ಅದರೆದುರು ಬಚ್ಚ ನೀರು ತೊಟ್ಟಿಕ್ಕುವ ಗೋಣಿಯನ್ನು ಎರಡು ಕೈಯಲ್ಲಿ ಎತ್ತಿ ಹಿಡಿದಿದ್ದ!

"ಬಚ್ಚಾ!"

ಅಕ್ಕಣಿ ಹಾರಿ ಬಿದ್ದು ಗೋಣಿ ಕಿತ್ತು ಹೊರಗೆಸೆದಳು.

"ಬಿರುಕು ಬಿಟ್ಟಿದೆ ಅಬ್ಬೆ. ನೀರು ಕುಡಿದು ಉಬ್ಬಿ ತಾನೇ ಕೂಡಿಕೊಳ್ಳಲಿ ಅಂತ."

"ಉಪ್ಪು ನೀರು ಕುಡಿದರೆ ಉಬ್ಬುವುದಿಲ್ಲವೋ, ಕರಗಿ ಹೋಗ್ತದೆ! ಈ ಉಪ್ಪಿನ ಮೇಲೆ ಒಂದು ಹನಿ ಬೀಳಬಾರದು! ಬೀಳುವ ಹಾಗಾದರೆ ನೀನೇ ಅಡ್ಡ ಕೂತು ತಡಿ! ನಾನು ಹೇಳುವ ತನಕ ಏಳಬೇಡ!"

ಹೇಳಿದವಳು ಬಾಯಿ ಮುಚ್ಚಿ ಮಗನನ್ನೇ ನೋಡಿದಳು. ಅಗಲ ಬೆನ್ನು, ಆನೆಯಂಥ ತೊಡೆ. ಇದೇ ಅಲ್ಲವಾ ಜಾರದ ಭಾರ!

ನೂಲ ಹುಣ್ಣಿಮೆ ಬಂತು. ಊರಿಗೆ ಊರೇ ದಡದಲ್ಲಿ ಸೇರಿತು. ಬಡಿಯ ಶಂಖ ಊದಿದ. ಒಳಗೆ ಉಳಿದಿದ್ದ ಒಂದು ಚೂರು ಹತ್ತಿ ಪುಸಕ್ಕನೆ ಹಾರಿ ಹೋಗಿ ಕಡಲಿಗೆ ಬಿತ್ತು, ಆಮೇಲೆ ಸದ್ದು ಬಂತು. ಕಡಲಿಗೆ ಕಾಯಿ ಬಿಟ್ಟರು, ಹಾಲು ಹೊಯ್ದರು. ಉಪ್ಪು ಬುಟ್ಟಿ ಬುಟ್ಟಿಯಾಗಿ ಮಂಜಿಯ ಹೊಟ್ಟೆಗೆ ಇಳಿಯಿತು. ಮುಚ್ಚಳ ಮುಚ್ಚಿದರು.

"ಬಚ್ಚ, ಕೂರು" ಅಂದಳು ಅಕ್ಕಣಿ ದಡದಿಂದಲೇ. "ಮುಚ್ಚಳದ ಮೇಲೆ ಕೂರು. ಅದರ ಬಳೆ ಗಟ್ಟಿ ಹಿಡಿ. ಒಳಗೆ ಒಂದು ಹನಿ ಹೋಗಬಾರದು. ಅಲೆ ಬರಲಿ, ಗಾಳಿ ಬರಲಿ, ಯಾರು ಕರೆಯಲಿ, ನಾನು ಹೇಳುವ ತನಕ ಏಳಬೇಡ!"

"ಅಷ್ಟೇ ತಾನೇ ಅಬ್ಬೆ? ಮಾಡ್ತೇನೆ!"

ಬಚ್ಚ ಕೂತ. ಮುಚ್ಚಳದ ಕಬ್ಬಿಣದ ಬಳೆಯನ್ನು ಮುಷ್ಟಿಯಲ್ಲಿ ಹಿಡಿದ. ಎದ್ದಿದ್ದ ಮೂಲೆ ಕಿರ್ ಅಂತ ಕೂತುಕೊಂಡಿತು. ಬಡಿಯ ಎಲ್ಲರಿಗೂ ಕೇಳುವ ಹಾಗೆ ಮತ್ತೆ ಹೇಳಿದ: "ಒಂದು ಹಿಡಿ ಒದ್ದೆಯಾದರೂ ಮಂಜಿ ಸೌದೆ! ಊರೇ ಸಾಕ್ಷಿ!" ಮಂಜಿ ನಡೆಸುವ ತಾಂಡೇಲ ಚಿಕ್ಕು ಹಾಯಿ ಎತ್ತಿಸಿದ. ಮಂಜಿ ಅಳಿವೆ ದಾಟಿತು.

ಇನ್ನು ಅಕ್ಕಣಿಯ ಅವಸ್ಥೆ ಕೇಳಬೇಡಿ. ಗಾಳಿ ಬೀಸಿದರೆ ಓಡಿ ದಡಕ್ಕೆ. ಮೋಡ ಕಂಡರೆ ಓಡಿ ದಡಕ್ಕೆ. ಮೀನು ಕೊಯ್ಯುತ್ತಾ ಕೈ ಕೊಯ್ದುಕೊಂಡಳು. ಅನ್ನ ಬಸಿಯುತ್ತಾ ಅನ್ನವನ್ನೇ ಚೆಲ್ಲಿ ಗಂಜಿಯನ್ನು ಇಟ್ಟುಕೊಂಡಳು. ಅಂಗಳದಲ್ಲಿ ಬಡಿಯ ಕೊಡಲಿ ಮಸೆಯುತ್ತಿದ್ದ. ಆ ಸದ್ದು ಅವಳ ಹಲ್ಲಿಗೇ ತಾಗುತ್ತಿತ್ತು.

ಕೊನೆಗೊಂದು ದಿನ ಹಾಯಿ ಕಂಡಿತು. ಅಕ್ಕಣಿ ಓಡಿದಳು, ಬಡಿಯ ಓಡಿದ, ಊರು ಓಡಿತು. ಮಂಜಿ ಭಾರವಾಗಿ, ಹೋಗುವಾಗ ಎಷ್ಟು ತಗ್ಗಿತ್ತೋ ಅಷ್ಟೇ ತಗ್ಗಿ ಬರುತ್ತಿತ್ತು.

"ಆಹಾ! ಅಲ್ಲಿಂದ ಹಂಚು ತುಂಬಿಸಿಕೊಂಡು ಬಂದಿದ್ದಾರೆ!" ಅಂತ ಬಡಿಯ ಮೀಸೆ ತಿರುವಿದ.

ಮಂಜಿ ದಡಕ್ಕೆ ತಾಗಿತು. ನಡುವೆ ಮುಚ್ಚಳದ ಮೇಲೆ ಬಚ್ಚ ಕೂತಿದ್ದ. ತಲೆಗೂದಲಲ್ಲಿ ಉಪ್ಪು, ತುಟಿ ಒಡೆದಿತ್ತು, ಮೈ ಕಪ್ಪಾಗಿತ್ತು. ಮುಷ್ಟಿಯಲ್ಲಿ ಬಳೆ ಇನ್ನೂ ಇತ್ತು. ಮುಖದ ತುಂಬ ನಗು.

"ಅಬ್ಬೇ! ಒಂದು ಹನಿ ಹೋಗಲಿಲ್ಲ! ಈಗ ಏಳಲಾ?"

ತಾಂಡೇಲ ಚಿಕ್ಕು ದಡಕ್ಕೆ ಹಾರಿದವನೇ ಮುಂಡಾಸು ನೆಲಕ್ಕೆ ಬಡಿದ.

"ಇವನನ್ನು ಇಟ್ಟುಕೊಂಡು ನಾನು ಮಂಜಿ ನಡೆಸುವುದಿಲ್ಲ! ಬಂದರು ಮುಟ್ಟಿದೆವು, ಏಳು ಅಂದೆ. ಅಬ್ಬೆ ಹೇಳಲಿ ಅಂದ! ನಿನ್ನ ಅಬ್ಬೆ ಹೇಳಿದ್ದಾಳೆ ಏಳು ಅಂದೆ. ನನ್ನ ಕಿವಿಗೆ ಕೇಳಲಿಲ್ಲ ಅಂದ! ಬಂದರಿನ ಹಮಾಲರೆಲ್ಲ ಸೇರಿ ಎಳೆದರು. ಅವರೇ ನೀರಿಗೆ ಬಿದ್ದರು! ಉಪ್ಪು ಕೊಳ್ಳುವವ ಬೈದು ಬೈದು ಸುಸ್ತಾಗಿ ಮನೆಗೆ ಹೋದ. ಎಷ್ಟು ದಿನ ಕಾಯುವುದು? ವಾಪಸ್ ತಂದೆ!"

"ಎಂತದನ್ನು?"

"ಉಪ್ಪನ್ನು!"

ಬಡಿಯನ ಮೀಸೆ ತಿರುವುತ್ತಿದ್ದ ಕೈ ಅಲ್ಲೇ ನಿಂತಿತು. "ಉಪ್ಪು ವಾಪಸ್ಸಾ! ತನ್ನಿ ಕೊಡಲಿ! ಒಡೆಯಿರಿ ಮಂಜಿ!"

"ಅಣ್ಣ, ನಿಲ್ಲು!" ಅಕ್ಕಣಿ ಅಡ್ಡ ಬಂದಳು. "ನೀನು ಹೇಳಿದ್ದೆಂತ? ಒಂದು ಹಿಡಿ ಒದ್ದೆಯಾದರೆ ಒಡೀತೇನೆ ಅಂತ ತಾನೇ? ಊರೇ ಸಾಕ್ಷಿ ಅಂದೆ. ಮೊದಲು ಕೈ ಹಾಕಿ ನೋಡು. ಬಚ್ಚ, ಏಳು ಮಗ!"

ಏಳು ಅಂದದ್ದೇ ತಡ, ಬಚ್ಚ ಎದ್ದ. ಕಾಲು ಜೋಮು ಹಿಡಿದು ಹಾಗೇ ಉರುಳಿಬಿದ್ದ, ಬಿದ್ದಲ್ಲಿಂದಲೇ ನಕ್ಕ. ಮುಚ್ಚಳ ತೆಗೆದರು. ಬಡಿಯ ಭುಜದ ತನಕ ಕೈ ಇಳಿಸಿ ಒಂದು ಹಿಡಿ ತೆಗೆದ. ಮುಷ್ಟಿ ಬಿಚ್ಚಿದ. ಉಪ್ಪು ಬೆರಳ ಸಂದಿಯಿಂದ ಸರಸರ ಸುರಿಯಿತು. ಇನ್ನೊಂದು ಮೂಲೆಯಿಂದ ತೆಗೆದ. ಅದೂ ಸರಸರ! ಆ ಮಂಜಿ ಕಡಲಿಗೆ ಇಳಿದಂದಿನಿಂದ ಅಷ್ಟು ಒಣಗಿದ ಉಪ್ಪನ್ನು ಯಾರೂ ನೋಡಿರಲಿಲ್ಲ. ಊರು ಬಡಿಯನ ಮುಖ ನೋಡಿತು, ಬಡಿಯ ಕೊಡಲಿಯ ಮುಖ ನೋಡಿದ.

"ಒಣಗಿದೆ, ಒಪ್ಪಿದೆ" ಅಂತ ಗೊಣಗಿದ. "ಆದರೆ ಅಲ್ಲಿಗೆ ಮುಟ್ಟಿಸುವುದು ಹೇಗೆ? ಇವ ಕೂರದಿದ್ದರೆ ನೀರು ಇಳೀತದೆ. ಕೂತರೆ ಅಲ್ಲಿ ಏಳುವುದಿಲ್ಲ!"

"ನಾನು ಹೇಳಿದರೆ ಏಳ್ತಾನೆ" ಅಂದಳು ಅಕ್ಕಣಿ. "ಬಚ್ಚ, ಕೂರು. ಅಲ್ಲಿ ಬಂದು ಹೇಳ್ತೇನೆ."

ಸೀರೆಯ ನೆರಿಗೆ ಎತ್ತಿ ಕಟ್ಟಿ, ಹಲಗೆಯ ಮೇಲೆ ಕಾಲಿಟ್ಟಳು!

"ಅಕ್ಕಣೀ! ಹೆಣ್ಣು ಹತ್ತಿದರೆ ಮಂಜಿ ಸೋರ್ತದೆ!"

"ಇಷ್ಟು ವರ್ಷ ನಾನು ಹತ್ತದೆಯೇ ಸೋರಿತಲ್ಲ ಅಣ್ಣ? ಹತ್ತಿ ಒಂದು ಸಲ ನೋಡ್ತೇನೆ!"

ಹತ್ತಿಯೇ ಬಿಟ್ಟಳು. ತಾಂಡೇಲ ಬೇಡ ಅನ್ನಲಿಲ್ಲ. ಇವಳಿಲ್ಲದೆ ಹೋದರೆ ಮತ್ತೆ ವಾಪಸ್ ಬರಬೇಕು ಅಂತ ಅವನಿಗೆ ಗೊತ್ತಿತ್ತು. ಗಂಡ ಕಟ್ಟಿಸಿದ ಮರವನ್ನು ಅಕ್ಕಣಿ ಮೊದಲ ಸಲ ಕೈಯಿಂದ ಸವರಿದಳು. ಕಣ್ಣು ತುಂಬಿತು. ಅಳಿವೆಯ ಅಲೆ ಬಂದು ಮುಖಕ್ಕೆ ಹೊಡೆದು ಅದನ್ನೂ ತೊಳೆಯಿತು.

ತೆಂಕಣ ಬಂದರು ಬಂತು. "ಏಳು ಮಗ!" ಅಂದಳು. ಎದ್ದ. ಉಪ್ಪು ಇಳಿಯಿತು. ಒಂದು ಹಿಡಿಯೂ ಒದ್ದೆ ಇರಲಿಲ್ಲ. ಹಿಂದೆ ಬೈದಿದ್ದ ಉಪ್ಪು ಕೊಳ್ಳುವವನೇ ಮುಂದಿನ ಉಪ್ಪನ್ನೂ ಈ ಮಂಜಿಯಲ್ಲೇ ಕಳಿಸಿ ಅಂದ. ಮಂಜಿ ಉಳಿಯಿತು ಮಾರಾಯ್ರೆ, ಉಳಿಯಿತು! ಅಕ್ಕಣಿಗೆ ಎಷ್ಟೋ ದಿನದ ಮೇಲೆ ಹಸಿವಾಯಿತು.

"ಹೊಟ್ಟೆ ಖಾಲಿಯಾಯಿತಲ್ಲ, ಹೋಗಿ ಮುಚ್ಚಳ ಮುಚ್ಚು ಮಗ. ಊಟ ಮಾಡಿ ಊರಿಗೆ ಹೊರಡುವ" ಅಂದಳು.

"ಅಷ್ಟೇ ತಾನೇ? ಮಾಡ್ತೇನೆ!"

ಅನ್ನ ಬಡಿಸಿದಳು. ಬಚ್ಚ ಬರಲಿಲ್ಲ. ಕರೆಯಲಿಕ್ಕೆ ಹೋದಳು. ಮುಚ್ಚಳ ಮುಚ್ಚಿತ್ತು, ಮಗ ಇರಲಿಲ್ಲ! ಮಂಜಿಯ ಮೂತಿಯಲ್ಲಿಲ್ಲ, ಹಾಯಿಯ ಹಿಂದಿಲ್ಲ, ದಡದಲ್ಲೂ ಇಲ್ಲ. ಆಳುಗಳು ನೀರಿಗೆ ಇಣುಕಿದರು. ಮಂಜಿ ಉಳಿಸಿಕೊಂಡು ಮಗನನ್ನು ಕಳೆದುಕೊಂಡೆನಾ ಅಂತ ಅಕ್ಕಣಿ ಎದೆ ಬಡಿದುಕೊಂಡಳು.

"ಬಚ್ಚಾ! ಎಲ್ಲಿದ್ದೀಯೋ ನನ್ನ ಮಗನೇ!"

ಕಾಲ ಕೆಳಗೆ ಡಬ್ ಡಬ್ ಅಂತ ಸದ್ದಾಯಿತು.

"ಇಲ್ಲೇ ಇದ್ದೇನೆ ಅಬ್ಬೆ! ಮುಚ್ಚಳ ಮುಚ್ಚಿ ಒಳಗೆ ಕೂತು ಕಾಣ್ತಾ ಇದ್ದೇನೆ! ಇನ್ನು ನೀನು ಮೇಲಿಂದ ನೀರು ಹೊಯ್ಯಿ!"

ಮೊದಲ ದಿನ ಹೇಳಿದ ಮಾತು! ಇಷ್ಟು ದಿನ ಅದು ಆ ತಲೆಯ ಯಾವ ಮೂಲೆಯಲ್ಲಿ ಕೂತಿತ್ತೋ! ಅಕ್ಕಣಿ ನಕ್ಕಳು, ಅತ್ತಳು, ಎರಡೂ ಒಟ್ಟಿಗೇ ಬಂತು. ಬೈಯಲಿಕ್ಕೆ ಬಾಯಿ ತೆರೆದಳು. ಬೈದರೆ ಹೊಸ ಬುದ್ಧಿ ಹೇಳಿದ ಹಾಗಾಗ್ತದೆ! ಬಾಯಿ ಮುಚ್ಚಿದಳು. ಕೊಡಪಾನ ತಕೊಂಡಳು, ಮೊಗೆದಳು, ಮುಚ್ಚಳದ ಮೇಲೆ ಹೊಯ್ದಳು.

"ಬೀಳ್ತದೆ ಅಬ್ಬೆ! ಒಂದು ಮೂಲೆಯಲ್ಲಿ ಬೀಳ್ತದೆ! ಮೇಲೆ ಭಾರ ಇಲ್ಲ!"

ಅಕ್ಕಣಿ ಮುಚ್ಚಳದ ಮೇಲೆ ಕೂತಳು. ಎದ್ದಿದ್ದ ಮೂಲೆ ಕಿರ್ ಅಂತ ಕೂತುಕೊಂಡಿತು.

"ನಿಂತಿತು ಅಬ್ಬೆ! ಒಂದು ಹನಿಯೂ ಇಲ್ಲ!" ಒಳಗಿಂದ ಬಚ್ಚ ಕುಣಿದ. "ಹಾಗೇ ಕೂತಿರು! ಬಳೆ ಗಟ್ಟಿ ಹಿಡಿ! ಅಲೆ ಬರಲಿ, ಗಾಳಿ ಬರಲಿ, ಯಾರು ಕರೆಯಲಿ, ನಾನು ಹೇಳುವ ತನಕ ಏಳಬೇಡ!"

ಅಕ್ಕಣಿ ಬಳೆ ಗಟ್ಟಿ ಹಿಡಿದಳು. ತಾಂಡೇಲ ಹಾಯಿ ಎತ್ತಿದ, ಮಂಜಿ ಊರಿನ ಕಡೆ ತಿರುಗಿತು. ಬೇಲೆಕೋಡಿಯ ದಡದಲ್ಲಿ ನಿಂತಿದ್ದ ಬಡಿಯ ಕಂಡದ್ದು ಇಷ್ಟೇ: ಮುಚ್ಚಳದ ಮೇಲೆ ಯಜಮಾನಿಯ ಹಾಗೆ ಕೂತ ತಂಗಿ, ಅಳಿಯನ ಸುಳಿವಿಲ್ಲ.

"ಅಕ್ಕಣೀ! ಊರು ಬಂತು, ಏಳು! ಬಚ್ಚ ಎಲ್ಲಿ?"

"ಬಚ್ಚ ಹೇಳಲಿ, ಏಳ್ತೇನೆ" ಅಂದಳು ಅಕ್ಕಣಿ.

ಬಚ್ಚ ಹೇಳಲಿಲ್ಲ. ಹೇಳು ಅಂತ ಅವನಿಗೆ ಯಾರೂ ಹೇಳಿರಲಿಲ್ಲವಲ್ಲ! ಅವಳು ಕೂತೇ ಇದ್ದಾಳೆ.

ನೀವೆಂತಕ್ಕೆ ಇನ್ನೂ ಕೂತಿದ್ದೀರಿ? ಓ, ನಾನು ಹೇಳಲಿಲ್ಲ ಅಲ್ವಾ. ಏಳಿ, ಏಳಿ!